ಕೇಳಿದ್ದು ಕುಶಲಿಗಳನ್ನು, ಸಿಕ್ಕಿದ್ದು ಬಟ್ಟಲು: 1788ರ ಸೇವ್ರ ಪ್ರಕರಣ

ಟಿಪ್ಪು ಸುಲ್ತಾನ ಫ್ರಾನ್ಸಿನ ದೊರೆಗೆ ಕಳಿಸಿದ ಬೇಡಿಕೆಯ ಪಟ್ಟಿಯಲ್ಲಿ ಯುದ್ಧದ ಸಿದ್ಧತೆ ಎಲ್ಲಿ ಮುಗಿಯಿತು, ಮನೆ ಕಟ್ಟುವ ಉಮೇದು ಎಲ್ಲಿ ಶುರುವಾಯಿತು ಎಂದು ಗೆರೆ ಎಳೆಯುವುದು ಕಷ್ಟ. ತೋಪು ಎರಕ ಹೊಯ್ಯುವವರು ಬೇಕು, ಬಂದೂಕು ಮಾಡುವವರು ಬೇಕು. ಅವರ ಬೆನ್ನಿಗೇ ಗಾಜಿನ ಕೆಲಸದವರು, ಗಡಿಯಾರದವರು, ನೇಕಾರರು, ಅಚ್ಚಿನ ಕೆಲಸ ಬಲ್ಲವರು, ವೈದ್ಯರು, ತೋಟಗಾರರು, ಹಣ್ಣಿನ ಸಸಿ, ಹೂವಿನ ಬೀಜ. ಈ ಸಾಲಿನ ನಡುವೆ ಸದ್ದಿಲ್ಲದೆ ಕೂತಿರುವವರು ಪಿಂಗಾಣಿ ಮಾಡುವ ಕುಶಲಿಗಳು.

ಈ ಬರಹ ಆ ಒಂದೇ ಬೇಡಿಕೆಯ ಬೆನ್ನು ಹತ್ತಿದೆ. ಟಿಪ್ಪುವಿನ ಹೆಸರೆತ್ತಿದರೆ ಸಾಕು, ನಮ್ಮಲ್ಲಿ ಪರವಾಗಿಯೂ ವಿರುದ್ಧವಾಗಿಯೂ ತೋಳೇರಿಸುವವರಿದ್ದಾರೆ. ಅವರಿಗೆ ಇಲ್ಲಿ ಕೆಲಸವಿಲ್ಲ. ಇದು ಮಣ್ಣು, ನೂಲು, ಬೆಂಕಿಯ ವಿಚಾರ. ಶ್ರೀರಂಗಪಟ್ಟಣ ಕೇಳಿದ್ದು ಮಾಡಬಲ್ಲ ಕೈಗಳನ್ನು. ಫ್ರೆಂಚ್ ದೊರೆಯ ಅರಮನೆ ವರ್ಸೇಲ್ಸ್ ಕೊಟ್ಟದ್ದು ಮಾಡಿ ಮುಗಿಸಿದ ಪಾತ್ರೆಗಳನ್ನು. ಹೀಗೇಕಾಯಿತು, ಬೇರೆ ರೀತಿ ಆಗುವ ಸಾಧ್ಯತೆ ಇತ್ತೇ ಎಂಬುದು ಪ್ರಶ್ನೆ.

ಪಟ್ಟಿ ಹೊತ್ತು ಹೋದವರು

ಮಹಮ್ಮದ್ ದರ್ವೇಶ್ ಖಾನ್, ಅಕ್ಬರ್ ಅಲಿ ಖಾನ್, ಮಹಮ್ಮದ್ ಉಸ್ಮಾನ್ ಖಾನ್ ಎಂಬ ಮೂವರು ರಾಯಭಾರಿಗಳು 1787ರ ಜುಲೈಯಲ್ಲಿ ಪುದುಚೇರಿಯಿಂದ ಹಡಗು ಹತ್ತಿದರು. ಟೂಲೋನ್ ಬಂದರು ಕಂಡದ್ದು 1788ರ ಜೂನ್‌ನಲ್ಲಿ. ಹೆಚ್ಚುಕಡಿಮೆ ಹನ್ನೊಂದು ತಿಂಗಳ ಪ್ರಯಾಣ. ಇಂಗ್ಲಿಷರ ವಿರುದ್ಧ ಫ್ರಾನ್ಸ್ ಜೊತೆ ಗಟ್ಟಿ ಒಪ್ಪಂದ ಮಾಡಿಕೊಂಡು ಬರುವುದು ಅವರ ಮೇಲಿದ್ದ ಮುಖ್ಯ ಹೊಣೆ. ಅದು ಆಗದ ಕೆಲಸ ಎಂಬುದು ಅವರು ಹೊರಡುವ ಮೊದಲೇ ಒಂದು ರೀತಿ ತೀರ್ಮಾನವಾಗಿತ್ತು: 1783ರಲ್ಲಿ ಫ್ರಾನ್ಸ್ ಇಂಗ್ಲೆಂಡಿನೊಂದಿಗೆ ಶಾಂತಿ ಒಪ್ಪಂದಕ್ಕೆ ಸಹಿ ಹಾಕಿತ್ತು, ಅಮೆರಿಕದ ಯುದ್ಧಕ್ಕೆ ಸುರಿದ ಹಣದ ಸಾಲ ಕುತ್ತಿಗೆಗೆ ಬಂದಿತ್ತು. ರಾಜಕೀಯದ ಕಥೆಯನ್ನು ಇಷ್ಟಕ್ಕೇ ಬಿಡೋಣ. ಸೈನ್ಯ ಸಿಗಲಿಲ್ಲ ಎಂಬುದು ಎಲ್ಲರಿಗೂ ಗೊತ್ತಿದ್ದದ್ದೇ.

ಪ್ಯಾರಿಸ್ಸಿನ ಜನ ಮಾತ್ರ ಅವರನ್ನು ಕಣ್ಣು ಮಿಟುಕಿಸದೆ ನೋಡಿದರು. ಮಸ್ಲಿನ್ ನಿಲುವಂಗಿ, ಸೊಂಟದ ಪಟ್ಟಿ, ಬಾಗಿದ ಕತ್ತಿ. ಒಪೆರಾಕ್ಕೆ ಹೋದರೆ ವೇದಿಕೆಗಿಂತ ಅವರ ಕಡೆಗೇ ಹೆಚ್ಚು ಕಣ್ಣು. ಮಾರಿ ಆಂತ್ವಾನೆತ್ ರಾಣಿಯ ಮೆಚ್ಚಿನ ಕಲಾವಿದೆ ಎಲಿಜಬೆತ್ ವಿಜೇ ಲ ಬ್ರೂಂ ಅವರನ್ನು ಅಲ್ಲಿಯೇ ಕಂಡು, ಚಿತ್ರ ಬರೆದೇ ತೀರಬೇಕೆಂದು ಹಟ ಹಿಡಿದಳು. ದೊರೆಯೇ ಕೇಳಿದರೆ ಮಾತ್ರ ಒಪ್ಪುತ್ತೇವೆ ಎಂದರಂತೆ ಇವರು. ಆಕೆಯ ನೆನಪುಗಳ ಪ್ರಕಾರ, ಬಿಡಾರಕ್ಕೆ ಹೋದಾಗ ಮೊದಲು ಅವಳ ಕೈಗೆ ಪನ್ನೀರು ಚಿಮುಕಿಸಿದರು. ಕತ್ತಿಯ ಹಿಡಿಯ ಮೇಲೆ ಕೈಯಿಟ್ಟು ನಿಂತ ದರ್ವೇಶ್ ಖಾನ್‌ನ ಆ ಆಳೆತ್ತರದ ಚಿತ್ರ 2019ರ ಜನವರಿಯಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ ಎಪ್ಪತ್ತು ಲಕ್ಷ ಡಾಲರಿಗೂ ಮೀರಿ ಮಾರಾಟವಾಯಿತು. ರಾಯಭಾರಿಗಳು ಪ್ಯಾರಿಸ್ ಬಳಿ ಸೇವ್ರ ಎಂಬಲ್ಲಿದ್ದ ದೊರೆಯ ಪಿಂಗಾಣಿ ಕಾರ್ಖಾನೆಯನ್ನೂ ನೋಡಿದರು, ಅದಕ್ಕೆ ಅಂಟಿಕೊಂಡಂತಿರುವ ಸ್ಯಾಂ ಕ್ಲೂ ಉದ್ಯಾನದಲ್ಲಿಯೂ ಅಡ್ಡಾಡಿದರು. ಸೇವ್ರದಲ್ಲಿ ತಟ್ಟೆ ಬಟ್ಟಲುಗಳ ಮೇಲೆ ಚಿತ್ರ ಬರೆಯುತ್ತಿದ್ದ ಶಾರ್ಲ್ ಎಲುವಾ ಆಸ್ಲಾಂ ಎಂಬವನು ಆ ದೃಶ್ಯವನ್ನು ಕಾಗದದ ಮೇಲೆ ಇಳಿಸಿದ. ಮರಗಳ ಸಾಲು, ನೆರೆದ ಪ್ಯಾರಿಸ್ ಮಂದಿ, ನಡುವೆ ಮೈಸೂರಿನವರು. ಆ ಚಿತ್ರ ಈಗಲೂ ಸೇವ್ರದಲ್ಲಿಯೇ ಇದೆ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಪಿಂಗಾಣಿ ಕುಶಲಿಗಳು ಬೇಕೆಂದು ಕೇಳಲು ಬಂದವರನ್ನು ಒಬ್ಬ ಪಿಂಗಾಣಿ ಕುಶಲಿ ಮರದ ನೆರಳಿನಲ್ಲಿ ನಿಂತು ನೋಡುತ್ತಿದ್ದಾನೆ. ಇವರಿಗೆ ಬೇಕಾದವನು ಅವನೇ. ಅವನಿಗೆ ಹೊರಡುವ ಸ್ವಾತಂತ್ರ್ಯ ಇರಲಿಲ್ಲ.

ಕದ್ದ ಗುಟ್ಟಿನ ಮೇಲೆ ಕಟ್ಟಿದ ಕಾರ್ಖಾನೆ

ಯಾಕಿರಲಿಲ್ಲ ಎನ್ನುವುದಕ್ಕೆ ಸೇವ್ರದ ಹುಟ್ಟನ್ನು ನೋಡಬೇಕು. ಚೀನಾದ ಪಿಂಗಾಣಿಯನ್ನು ಯುರೋಪು ಶತಮಾನಗಳ ಕಾಲ ಬಾಯಿ ಬಿಟ್ಟುಕೊಂಡು ನೋಡಿತ್ತು. ಮಣ್ಣಿನ ಪಾತ್ರೆ, ಆದರೆ ಬೆಳಕಿಗೆ ಹಿಡಿದರೆ ಬೆರಳಿನ ನೆರಳು ಕಾಣುತ್ತದೆ. ಉಗುರಿನಿಂದ ತಟ್ಟಿದರೆ ಗಂಟೆಯಂತೆ ದನಿ ಕೊಡುತ್ತದೆ. ಸ್ಯಾಕ್ಸನಿಯ ಮೈಸೆನ್‌ನಲ್ಲಿ 1710ರಲ್ಲಿ ಕಾರ್ಖಾನೆ ಎದ್ದಿತು. ಅಲ್ಲಿ ಗುಟ್ಟು ಒಡೆದ ಬೋಟ್ಗರ್ ಎಂಬ ರಸವಾದಿಯನ್ನು ದೊರೆ ವರ್ಷಗಟ್ಟಲೆ ಕಾವಲಿನಲ್ಲಿಟ್ಟಿದ್ದ. ಚಿನ್ನ ಮಾಡುತ್ತೇನೆಂದು ಹೇಳಿಕೊಂಡವನು ಕೊನೆಗೆ ಬಿಳಿ ಮಣ್ಣನ್ನು ಚಿನ್ನದ ಬೆಲೆಗೆ ಏರಿಸಿದ.

ಫ್ರಾನ್ಸಿನಲ್ಲಿ ಶಾಂಟಿಯಿ ಎಂಬಲ್ಲಿ ಒಂದು ಸಣ್ಣ ಕಾರ್ಖಾನೆ ಇತ್ತು. 1740ರಲ್ಲಿ ಅಲ್ಲಿಂದ ದ್ಯುಬುವಾ ಎಂಬ ಅಣ್ಣತಮ್ಮಂದಿರು, ಪಾಕ ನಮಗೆ ಗೊತ್ತು ಎಂದು ಹೇಳಿಕೊಂಡು, ಪ್ಯಾರಿಸ್ಸಿನ ಪಕ್ಕದ ವ್ಯಾಂಸೆನ್ ಕೋಟೆಗೆ ಬಂದರು. ಅವರಿಂದ ಏನೂ ಸಾಧಿಸಲಾಗಲಿಲ್ಲ. ಅವರ ಕೈಕೆಳಗೆ ಇದ್ದ ಗ್ರಾವಾಂ ಎಂಬವನು ಪಾಕ ಕಲಿತು ಹದಕ್ಕೆ ತಂದ. ಚಿನ್ನ ಹಚ್ಚುವ ವಿಧಾನವನ್ನು ಬೆನಿಡಿಕ್ಟೀನ್ ಸಂನ್ಯಾಸಿಯೊಬ್ಬನಿಂದ ಹಣ ಕೊಟ್ಟು ಕೊಂಡರು. ಬಣ್ಣಗಳ ಹೊಣೆ ಹೊತ್ತ ರಸಾಯನ ಪಂಡಿತ ಜ್ಯಾಂ ಎಲೋ 1753ರಲ್ಲಿ ಆಕಾಶನೀಲಿ ಬಣ್ಣವನ್ನು ಸಿದ್ಧಪಡಿಸಿದ. ಪಾಕವೆಲ್ಲ ಅವನ ಟಿಪ್ಪಣಿ ಪುಸ್ತಕದಲ್ಲಿ ಗುಟ್ಟಾಗಿ ಉಳಿಯಿತು. 1756ರಲ್ಲಿ ಕಾರ್ಖಾನೆ ಸೇವ್ರಕ್ಕೆ ಬಂತು, 1759ರಲ್ಲಿ 15ನೇ ಲೂಯಿ ಅದನ್ನು ಪೂರ್ತಿಯಾಗಿ ತನ್ನದಾಗಿಸಿಕೊಂಡ. ವರ್ಷದ ಕೊನೆಗೆ ವರ್ಸೇಲ್ಸ್ ಅರಮನೆಯ ಖಾಸಗಿ ಕೋಣೆಗಳಲ್ಲಿ ಹೊಸ ಸರಕಿನ ಮಾರಾಟ. ದೊರೆ ಮುಂದೆ ನಿಂತು ನೋಡುತ್ತಿರುವಾಗ ಕೊಳ್ಳದೆ ಹೊರಬರುವ ಧೈರ್ಯ ಯಾವ ಸಾಮಂತನಿಗಿದ್ದೀತು?

ಅಂದರೆ ಓಡಿಬಂದ ಕೈ, ಕೊಂಡ ಗುಟ್ಟು, ಕಲಿತ ಆಳು, ಇವುಗಳ ಮೇಲೆ ಸೇವ್ರ ನಿಂತಿತ್ತು. ಹಾಗಿರುವಾಗ ಕೈಗಳು ಹೇಗೆ ಓಡಿಹೋಗುತ್ತವೆ ಎಂಬುದು ಅದಕ್ಕಿಂತ ಚೆನ್ನಾಗಿ ಇನ್ನಾರಿಗೆ ಗೊತ್ತು? ಕೆಲಸಗಾರರು ಅಪ್ಪಣೆಯಿಲ್ಲದೆ ಬಿಟ್ಟುಹೋಗುವಂತಿಲ್ಲ ಎಂದು ವ್ಯಾಂಸೆನ್ ಕಾಲದಲ್ಲಿಯೇ ರಾಜಾಜ್ಞೆ ಹೊರಟಿತ್ತು.

ಒಂದು ತಟ್ಟೆಯ ಹುಟ್ಟು

ಪಿಂಗಾಣಿ ಎಂಬ ನಮ್ಮ ಮಾತು ಬಲು ಧಾರಾಳ. ಉಪ್ಪಿನಕಾಯಿ ಜಾಡಿಯೂ ಪಿಂಗಾಣಿ, ಹೋಟೆಲಿನ ಕಪ್ಪು ಬಸಿಯೂ ಪಿಂಗಾಣಿ, ಸ್ನಾನದ ಮನೆಯ ಬೇಸಿನ್ನೂ ಪಿಂಗಾಣಿ. ಸೇವ್ರದವರು ಮೊದಲು ಮಾಡಿದ್ದು ಇವು ಯಾವುವೂ ಅಲ್ಲ. ಅವರ ಬಳಿ ಚೀನಾದವರ ಬಿಳಿ ಮಣ್ಣು, ಅಂದರೆ ಕೇಯೊಲಿನ್, ಇರಲಿಲ್ಲ. ಹೀಗಾಗಿ ಮರಳು, ಪೆಟ್ಲುಪ್ಪು, ಉಪ್ಪು, ಪಟಿಕ ಇತ್ಯಾದಿಗಳನ್ನು ಕರಗಿಸಿ ಗಾಜಿನಂತಹ ಗಟ್ಟಿ ಮಾಡಿ, ಅದನ್ನು ನುಣ್ಣಗೆ ಅರೆದು, ಸುಣ್ಣಕಲ್ಲು ಮತ್ತು ಸುಣ್ಣದ ಅಂಶವಿರುವ ಜೇಡಿಯ ಜೊತೆ ಕಲಸುತ್ತಿದ್ದರು. ಇದೇ ಮೆದು ಪಿಂಗಾಣಿ. ಇದಕ್ಕೆ ಜಿಗುಟೇ ಇಲ್ಲ. ತಿಗರಿಯ ಮೇಲೆ ಹಾಕಿದರೆ ಕುಂಬಾರನ ಮಾತು ಕೇಳುವುದಿಲ್ಲ. ಅಚ್ಚಿಗೆ ಒತ್ತಿ ತೆಗೆದರೂ ಆವಿಗೆಯಲ್ಲಿ ಕಾವು ಚೂರು ಏರುಪೇರಾದರೆ ತಟ್ಟೆ ಸೊಟ್ಟಗೆ ಬಾಗಿ ಕುಸಿಯುತ್ತದೆ.

ಉಳಿದ ತಟ್ಟೆಯನ್ನು ಹಿಂಬಾಲಿಸೋಣ. ಮೊದಲ ಬೇಯಿಕೆಯಲ್ಲಿ ಅದು ಬಿಸ್ಕತ್ತಿನಂತೆ ಒರಟಾಗಿ ಬರುತ್ತದೆ. ಸೀಸ ಬೆರೆಸಿದ ಮೆರುಗಿನಲ್ಲಿ ಅದ್ದಿ ಮತ್ತೊಮ್ಮೆ ಬೇಯಿಸುತ್ತಾರೆ. ಅಂಚಿಗೆ ನೀಲಿ ಹಚ್ಚಿ ಮತ್ತೆ ಬೆಂಕಿ. ನಡುವಿನ ಬಿಳಿ ಜಾಗದಲ್ಲಿ ಹೂಗೊಂಚಲು ಬರೆದು ಮತ್ತೆ ಬೆಂಕಿ. ಬಣ್ಣ ಸಾಲದಿದ್ದರೆ ತಿದ್ದಿ ಇನ್ನೊಮ್ಮೆ. ಕೊನೆಗೆ ಚಿನ್ನ. ಆವಿಗೆಯಿಂದ ಹೊರಬಂದಾಗ ಚಿನ್ನ ಮಣ್ಣಿನ ಬಣ್ಣಕ್ಕೆ ಮಂಕಾಗಿರುತ್ತದೆ. ಅದನ್ನು ನುಣುಪಾದ ಕಲ್ಲಿನಿಂದ ಉಜ್ಜಿ ಉಜ್ಜಿ ಹೊಳಪು ತರಬೇಕು, ಈ ಕೆಲಸ ಹೆಂಗಸರದ್ದು. ಐದಾರು ಸಲ ಬೆಂಕಿಗೆ ಹೋಗಿ ಬರುವ ತಟ್ಟೆ ಕೊನೆಯ ಸುತ್ತಿನಲ್ಲಿ ಬಿರುಕು ಬಿಟ್ಟರೆ ಅಷ್ಟೂ ಜನರ ಅಷ್ಟೂ ದಿನದ ದುಡಿಮೆ ತಿಪ್ಪೆಗೆ. ಒಡೆಯದೆ ಬಂದದ್ದಕ್ಕೆ ಮಾತ್ರ ಬೇರೆಲ್ಲೂ ಸಿಗದ ಒಂದು ಗುಣ ಇರುತ್ತಿತ್ತು: ಬಣ್ಣ ಮೆರುಗಿನ ಮೇಲೆ ಕೂರದೆ ಅದರೊಳಗೆ ಇಳಿದು, ಬೆಣ್ಣೆಯಲ್ಲಿ ಕುಂಕುಮ ಕರಗಿದ ಹಾಗೆ ಕಾಣುತ್ತಿತ್ತು.

ಬೆಲೆಯೂ ಹಾಗೆಯೇ. ರಷ್ಯದ ರಾಣಿ ಕ್ಯಾಥರೀನ್ 1776ರಲ್ಲಿ ಹೇಳಿ ಮಾಡಿಸಿ, 1779ರಲ್ಲಿ ಪಡೆದ ಊಟದ ಪಾತ್ರೆಗಳಲ್ಲಿ ಒಂದೊಂದು ತಟ್ಟೆಗೆ 242 ಲಿವ್ರ (ಆಗಿನ ಫ್ರೆಂಚ್ ಹಣ) ಬಿತ್ತು. ಪೂರ್ತಿ ಲೆಕ್ಕ 3 ಲಕ್ಷ ಲಿವ್ರ ದಾಟಿತ್ತು, ರಾಣಿ ಬಾಕಿ ತೀರಿಸಲು ಸಾಕಷ್ಟು ಸತಾಯಿಸಿದಳು.

ಅಷ್ಟರಲ್ಲಿ ಕೇಯೊಲಿನ್ ಸಿಕ್ಕಿತ್ತು. 1768ರ ಸುಮಾರಿಗೆ ಲಿಮೋಜ್ ಬಳಿಯ ಸ್ಯಾಂತ್ ಇರಿಯೇ ಎಂಬ ಊರಿನಲ್ಲಿ ಡಾರ್ನೆ ಎಂಬ ಶಸ್ತ್ರವೈದ್ಯನ ಹೆಂಡತಿ ಬಟ್ಟೆ ಒಗೆಯಲು ಸೋಪಿನ ಬದಲು ಬಳಸುತ್ತಿದ್ದ ಬಿಳಿ ಮಣ್ಣು ಕೈಯಿಂದ ಕೈಗೆ ದಾಟಿ ಬೋರ್ಡೋದ ಔಷಧಿಕಾರನೊಬ್ಬನನ್ನು ತಲುಪಿತು, ಅಲ್ಲಿಂದ ಸೇವ್ರದ ಪಂಡಿತರ ಮೇಜಿಗೆ ಬಂತು ಎನ್ನುವುದು ರೂಢಿಯ ಕಥೆ. ಇಷ್ಟು ವರ್ಷ ರಾಜನ ಖಜಾನೆ ಹುಡುಕಿದ್ದು ಒಬ್ಬ ಗೃಹಿಣಿಯ ಒಗೆಯುವ ಕಲ್ಲಿನ ಮೇಲಿತ್ತು. 1788ರ ಹೊತ್ತಿಗೆ ಸೇವ್ರ ಮೆದು, ಗಟ್ಟಿ ಎರಡೂ ಬಗೆಯ ಪಿಂಗಾಣಿ ಮಾಡುತ್ತಿತ್ತು. ಗಟ್ಟಿ ಬಗೆಗೆ 1,300 ಡಿಗ್ರಿ ಸೆಲ್ಸಿಯಸ್‌ಗೂ ಮೇಲಿನ ಕಾವು ಬೇಕು. ಅದಕ್ಕೆ ಸೌದೆಯೂ ಬೇಕು, ಗಾಡಿಗಟ್ಟಲೆ.

ಮಗ್ಗದ ಹಿಂದೆ ಕೂತವನು

ಪಟ್ಟಿಯಲ್ಲಿದ್ದ ನೇಕಾರರ ಮಾತು ಬಂದರೆ ಗೋಬ್ಲಾಂ ನೆನಪಾಗದೆ ಇರದು. ಸೇವ್ರ ಮತ್ತು ಗೋಬ್ಲಾಂ ಒಂದೇ ಮನೆಯ ಎರಡು ಅಡುಗೆಮನೆಗಳಿದ್ದಂತೆ: ದೊರೆಗೆ ಬೇಕಾದ್ದನ್ನು ಬೇಯಿಸುವುದು, ದೊರೆ ಹೇಳಿದವರಿಗೆ ಬಡಿಸುವುದು. ಗೋಬ್ಲಾಂ ಎಂಬುದು ಮೊದಲು ಬಣ್ಣಗಾರರ ಒಂದು ಮನೆತನದ ಹೆಸರು. ಪ್ಯಾರಿಸ್ಸಿನ ಬಿಯೇವ್ರ ಎಂಬ ಸಣ್ಣ ಹೊಳೆಯ ದಡದಲ್ಲಿ ಅವರ ಬಣ್ಣದ ಮನೆ. 1662ರಲ್ಲಿ 14ನೇ ಲೂಯಿಯ ಮಂತ್ರಿ ಕೋಲ್ಬೇರ್ ಆ ಜಾಗವನ್ನು ಕೊಂಡು, ಚದುರಿದ್ದ ನೇಕಾರರನ್ನು ಅಲ್ಲಿ ಒಟ್ಟುಗೂಡಿಸಿದ. ಚಿತ್ರಕಾರ ಶಾರ್ಲ್ ಲ ಬ್ರೂಂ ನಿರ್ದೇಶಕನಾದ.

ಅಲ್ಲಿ ನೇಯುತ್ತಿದ್ದದ್ದು ಟ್ಯಾಪೆಸ್ಟ್ರಿ, ಅಂದರೆ ಗೋಡೆಗೆ ತೂಗುಹಾಕುವ ಚಿತ್ರ ನೇಯ್ಗೆ. ನಿಂತ ಮಗ್ಗ, ಹಾಸಿನ ಎಳೆಗಳು ಮೇಲಿಂದ ಕೆಳಕ್ಕೆ ಬಿಗಿದಿರುತ್ತವೆ. ನವಲಗುಂದದ ಜಮಖಾನ ಮಗ್ಗ ಕಂಡವರಿಗೆ ಇದು ಅಪರಿಚಿತವೆನಿಸದು. ಲಾಳಿ ಈ ತುದಿಯಿಂದ ಆ ತುದಿಗೆ ಓಡುವುದಿಲ್ಲ. ಕೆನ್ನೆಯ ಬಣ್ಣದ ನೂಲು ಕೆನ್ನೆ ಇರುವಷ್ಟು ಜಾಗದಲ್ಲಿ ಮಾತ್ರ ಹೋಗಿ ಬರುತ್ತದೆ, ತುಟಿಯ ಬಣ್ಣ ತುಟಿಯ ಮಟ್ಟಿಗೆ. ಪ್ರತಿ ಬಣ್ಣಕ್ಕೂ ಬೇರೆ ಬೇರೆ ಮರದ ಕಡ್ಡಿ, ಅದರ ಚೂಪು ತುದಿಯಿಂದ ಹೊಕ್ಕನ್ನು ಒತ್ತಿ ಕೂರಿಸುತ್ತಾರೆ. ನೇಕಾರ ಕೂರುವುದು ಬಟ್ಟೆಯ ಹಿಂಬದಿಯಲ್ಲಿ, ನೂಲಿನ ತುದಿಗಳು ಜೋತಾಡುವ ಕಡೆ. ತಾನು ಮಾಡುತ್ತಿರುವುದರ ಮುಖ ಅವನಿಗೆ ಕಾಣುವುದು ಎದುರಿಗಿಟ್ಟ ಕನ್ನಡಿಯಲ್ಲಿ ಮಾತ್ರ. ನುಣುಪಾದ ಕೆಲಸವಾದರೆ ಒಬ್ಬನ ಕೈಯಲ್ಲಿ ವರ್ಷಕ್ಕೆ ಒಂದು ಚದರ ಮೀಟರ್ ಆಸುಪಾಸು ಸಾಗಿದರೆ ಹೆಚ್ಚು.

ನನಗೆ ಮುಖ್ಯವಾಗಿ ಕಾಣುವುದು ಮಗ್ಗಕ್ಕಿಂತ ಅದರ ಮುಂದೆ ಕೂತ ಜನ ಎಲ್ಲಿಂದ ಬಂದರು ಎಂಬುದು. ಫ್ರಾನ್ಸಿಗೆ ಈ ವಿದ್ಯೆ ಗಟ್ಟಿಯಾಗಿ ಬಂದದ್ದು ಇಂದಿನ ಬೆಲ್ಜಿಯಂ ಕಡೆಯ ಫ್ಲಾಂಡರ್ಸ್‌ನಿಂದ. 17ನೇ ಶತಮಾನದ ಆರಂಭದಲ್ಲಿ 4ನೇ ಹೆನ್ರಿ ಅಲ್ಲಿನ ಇಬ್ಬರು ನೇಯ್ಗೆ ಒಡೆಯರನ್ನು ಸವಲತ್ತು ಕೊಟ್ಟು ಕರೆಸಿಕೊಂಡ. ಗೋಬ್ಲಾಂನ ಮೊದಲ ನಿಂತಮಗ್ಗದ ಶಾಲೆಯ ಯಜಮಾನ ಜ್ಯಾಂ ಜಾನ್ಸ್ ಕೂಡ ಫ್ಲೆಮಿಷ್ ಮೂಲದವನೇ. 1667ರ ರಾಜಾಜ್ಞೆ ಅಲ್ಲಿ ಹತ್ತು ವರ್ಷ ದುಡಿದ ವಿದೇಶಿ ಕುಶಲಿಯನ್ನು ಫ್ರಾನ್ಸಿನ ಪ್ರಜೆಯಂತೆ ಕಾಣಬೇಕು ಎಂದಿತು. ಇದೇ ಕೋಲ್ಬೇರ್ ವೆನಿಸ್ಸಿನ ಮುರಾನೋ ದ್ವೀಪದಿಂದ ಕನ್ನಡಿ ಮಾಡುವವರನ್ನು ಗುಟ್ಟಾಗಿ ಹಾರಿಸಿಕೊಂಡು ಬಂದ, ವೆನಿಸ್ ಕೆಂಡಾಮಂಡಲವಾಯಿತು.

ಈಗ ಟಿಪ್ಪುವಿನ ಪಟ್ಟಿಯನ್ನು ಮತ್ತೆ ಓದಿ. ಪೂರ್ವದ ದೊರೆಯೊಬ್ಬನ ಬಾಲಿಶ ಆಸೆಗಳೆಂದು ಅದನ್ನು ಕಂಡವರಿದ್ದಾರೆ. ನನಗೆ ಹಾಗೆ ಅನಿಸುವುದಿಲ್ಲ. ಕೋಲ್ಬೇರ್ ಫ್ಲಾಂಡರ್ಸ್‌ಗೆ, ವೆನಿಸ್ಸಿಗೆ ಏನು ಮಾಡಿದ್ದನೋ ಅದನ್ನೇ ಟಿಪ್ಪು ಫ್ರಾನ್ಸಿಗೆ ಮಾಡಲು ಹೊರಟಿದ್ದ. ವ್ಯತ್ಯಾಸ ಇಷ್ಟೇ: ಕೋಲ್ಬೇರ್ ಕೇಳಲು ಹೋಗಲಿಲ್ಲ, ಎತ್ತಿಕೊಂಡು ಬಂದ. ಟಿಪ್ಪು ಮುಂಬಾಗಿಲಿನಿಂದ ಬಂದು ಕೇಳಿದ.

ಆಗಸ್ಟ್ 10, ವರ್ಸೇಲ್ಸ್

ಬಂದವರಿಗೆ ಏನು ತೋರಿಸಬೇಕು, ಏನು ಕೊಡಬೇಕು ಎಂಬುದರಲ್ಲಿ ಫ್ರೆಂಚ್ ಆಸ್ಥಾನಕ್ಕೆ ನೂರು ವರ್ಷದ ಪಳಗಿಕೆ ಇತ್ತು. 1686ರಲ್ಲಿ ಸಯಾಮಿನ (ಇಂದಿನ ಥಾಯ್ಲೆಂಡಿನ) ರಾಯಭಾರಿಗಳು ಬಂದಾಗ ಗೋಬ್ಲಾಂ ತೋರಿಸಲಾಗಿತ್ತು. 1721ರಲ್ಲಿ ಆಟೊಮನ್ ರಾಯಭಾರಿ ಮಹಮದ್ ಎಫೆಂದಿ ಅಲ್ಲಿಗೇ ಹೋಗಿ, ನೇಯ್ದ ಮುಖಗಳು ಜೀವಂತವಾಗಿವೆ ಎಂದು ಬೆರಗಾಗಿ ಬರೆದ. ಅವನು ಪ್ಯಾರಿಸ್ಸಿನಲ್ಲಿ ನಡೆಸಿದ ಮೆರವಣಿಗೆಯನ್ನೇ ಮುಂದೆ ಗೋಬ್ಲಾಂನಲ್ಲಿ ಟ್ಯಾಪೆಸ್ಟ್ರಿಯಾಗಿ ನೇಯ್ದರು. ನೋಡಲು ಬಂದವನನ್ನೇ ನೋಡುವ ವಸ್ತುವನ್ನಾಗಿ ಮಾಡುವ ಈ ಚಾಳಿ, ಸ್ಯಾಂ ಕ್ಲೂ ಮರದ ನೆರಳಿನಲ್ಲಿ ನಿಂತ ಆಸ್ಲಾಂನವರೆಗೂ ಮುಂದುವರಿಯಿತು. 1760ರ ದಶಕದಲ್ಲಿ ಬೊವೇ ಎಂಬಲ್ಲಿನ ಇನ್ನೊಂದು ಫ್ರೆಂಚ್ ನೇಯ್ಗೆ ಕಾರ್ಖಾನೆಯ ಚೀನೀ ದೃಶ್ಯಗಳ ಟ್ಯಾಪೆಸ್ಟ್ರಿಗಳು ಚೀನಾದ ಚಕ್ರವರ್ತಿಗೇ ಉಡುಗೊರೆಯಾಗಿ ಹೋದವು. ಕೊಲ್ಲೂರಿನ ಜೇನನ್ನು ಕೊಲ್ಲೂರಿಗೇ ಮಾರಿದಂತೆ.

ಈ ಪರಂಪರೆಯಲ್ಲಿ ಕೊಡುವ ಉಡುಗೊರೆಗೆ ಒಂದು ಅರ್ಥವಿತ್ತು: ನೋಡು, ನಮ್ಮಲ್ಲಿ ಏನೇನಾಗುತ್ತದೆ. ಕೈಯನ್ನೇ ಕೊಟ್ಟುಬಿಟ್ಟರೆ ಆ ಮಾತಿಗೆ ಬೆಲೆ ಎಲ್ಲಿ?

1788ರ ಆಗಸ್ಟ್ 10ರಂದು ವರ್ಸೇಲ್ಸ್‌ನ ಹರ್ಕ್ಯುಲಿಸ್ ಸಭಾಂಗಣದಲ್ಲಿ 16ನೇ ಲೂಯಿ ರಾಯಭಾರಿಗಳನ್ನು ಕಂಡ. ಪಕ್ಕದ ದಿನಾಂಕಗಳನ್ನು ಗಮನಿಸಿ. ಎರಡು ದಿನ ಮುಂಚೆ, ಆಗಸ್ಟ್ 8ರಂದು, ಹಣಕ್ಕೆ ಬೇರೆ ದಾರಿ ಕಾಣದ ಸರ್ಕಾರ ಮರುವರ್ಷದ ಮೇ 1ಕ್ಕೆ ಸ್ಟೇಟ್ಸ್ ಜನರಲ್ ಸಭೆಯನ್ನು, ಅಂದರೆ ಪಾದ್ರಿಗಳು, ಸಾಮಂತರು, ಸಾಮಾನ್ಯರು ಈ ಮೂರೂ ವರ್ಗಗಳ ಪ್ರತಿನಿಧಿಗಳ ಸಭೆಯನ್ನು, ಕರೆದಿತ್ತು. ಆರು ದಿನ ಕಳೆದು, ಆಗಸ್ಟ್ 16ರಂದು, ಖಜಾನೆಯ ಪಾವತಿಗಳಲ್ಲಿ ಒಂದಷ್ಟನ್ನು ನಗದಿನ ಬದಲು ಕಾಗದದಲ್ಲಿ ಕೊಡುವುದಾಗಿ ಘೋಷಿಸಿತು. ದಿವಾಳಿ ಎಂಬ ಶಬ್ದವನ್ನು ಬಾಯಿಬಿಟ್ಟು ಹೇಳಲಿಲ್ಲ, ಅಷ್ಟೇ. ರಾಯಭಾರಿಗಳ ಭೇಟಿ ಈ ಎರಡು ದಿನಗಳ ನಡುವೆ ಸಿಕ್ಕಿಕೊಂಡಿತ್ತು. ಮೈಸೂರಿನವರು ಕೈಯೊಡ್ಡಿದ ಮನೆಯ ಹಗೇವು ಬರಿದಾಗಿತ್ತು.

ಆ ಸ್ಥಿತಿಯಲ್ಲಿ ಸೇವ್ರ ಪಿಂಗಾಣಿ ಎಂಥ ಅನುಕೂಲದ ಉಡುಗೊರೆ! ಸೈನ್ಯ ಕಳಿಸಿದರೆ ಇಂಗ್ಲೆಂಡ್ ಸಿಡಿಯುತ್ತದೆ. ಹಣ ಕೊಡೋಣವೆಂದರೆ ಇಲ್ಲ. ಕುಶಲಿಗಳನ್ನು ಕೊಟ್ಟರೆ ಗುಟ್ಟು ಹೋಗುತ್ತದೆ. ಪಿಂಗಾಣಿ ಮಾತ್ರ ದೊರೆಯದೇ ಕಾರ್ಖಾನೆಯ ಸರಕು. ಹೊರಗಿನವರಿಗೆ ಅದು ಕೈಗೆಟುಕದ ಬೆಲೆಯದು, ಮನೆಯವರಿಗೆ ಕಪಾಟಿನಿಂದ ತೆಗೆದು ಕೊಡುವಂಥದ್ದು. ಇದು ನನ್ನ ತರ್ಕ, ಯಾವ ಮಂತ್ರಿಯೂ ಹೀಗೆಂದು ಬರೆದಿಟ್ಟನೆಂದು ನಾನು ಹೇಳುತ್ತಿಲ್ಲ. ರಾಯಭಾರಿಗಳು ಸೇವ್ರದ ಪಾತ್ರೆಗಳೊಂದಿಗೆ 1788ರ ಕೊನೆಗೆ ಬ್ರೆಸ್ಟ್ ಬಂದರಿನಿಂದ ಹೊರಟು 1789ರಲ್ಲಿ ಊರು ಸೇರಿದರು. ಒಂದಷ್ಟು ಕುಶಲಕರ್ಮಿಗಳು ಮೈಸೂರಿಗೆ ಬಂದದ್ದು ಹೌದು. ಸೇವ್ರ ಮಾತ್ರ ಕಾವೇರಿಯ ದಡಕ್ಕೆ ಬರಲಿಲ್ಲ. ಟಿಪ್ಪುವಿಗೆ ಸಿಟ್ಟು ಬಂದಿತ್ತು.

ಆ ಕೈಗಳು ಬಂದಿದ್ದರೆ?

ಲೂಯಿ ಉದಾರನಾಗಿ ಹತ್ತು ಜನರನ್ನು ಕಳಿಸಿದ್ದ ಎಂದೇ ಇಟ್ಟುಕೊಳ್ಳೋಣ. ಶ್ರೀರಂಗಪಟ್ಟಣದಲ್ಲಿ ಪಿಂಗಾಣಿ ಆಗುತ್ತಿತ್ತೇ?

ಇದಕ್ಕೆ ಹತ್ತಿರದ ಒಂದು ನಿಜವಾದ ಉದಾಹರಣೆ ಇದೆ. ನೇಪಲ್ಸ್‌ನ ದೊರೆ ಚಾರ್ಲ್ಸ್ 1759ರಲ್ಲಿ ಸ್ಪೇನಿನ ಸಿಂಹಾಸನ ಏರಲು ಹೊರಟಾಗ ತನ್ನ ಕಾಪೊದಿಮೊಂತೆ ಪಿಂಗಾಣಿ ಕಾರ್ಖಾನೆಯನ್ನೇ ಕಿತ್ತು ಮ್ಯಾಡ್ರಿಡ್‌ಗೆ ಒಯ್ದ. ಕುಶಲಿಗಳು, ಅವರ ಸಂಸಾರ, ಅಚ್ಚುಗಳು, ಸಾಲದೆಂದು ಹದಗೊಳಿಸಿದ ಮಣ್ಣನ್ನೂ ಟನ್‌ಗಟ್ಟಲೆ ಹಡಗಿಗೆ ತುಂಬಿದ. ಮಣ್ಣನ್ನು ಏಕೆ ಒಯ್ದನೆಂದರೆ ಕೈಗೆ ಗೊತ್ತಿರುವುದು ಒಂದೇ ಮಣ್ಣಿನ ಸ್ವಭಾವ. ಬೇರೆ ಮಣ್ಣು ಕೊಟ್ಟರೆ ಮಹಾ ಕುಶಲಿಯೂ ಮೊದಲಿನಿಂದ ಶುರುಮಾಡಬೇಕು. ಸೇವ್ರದಲ್ಲಿ ಒಬ್ಬನಿಗೆ ಎಲ್ಲವೂ ಗೊತ್ತಿರುತ್ತಲೂ ಇರಲಿಲ್ಲ. ಮಣ್ಣು ಕಲಸುವವನು ಬೇರೆ, ಆವಿಗೆಯವನು ಬೇರೆ, ಹೂ ಬರೆಯುವವನು ಬೇರೆ, ಚಿನ್ನದವನು ಬೇರೆ, ಪಾಕದ ಪುಸ್ತಕ ಮತ್ತೊಬ್ಬನ ಪೆಟ್ಟಿಗೆಯಲ್ಲಿ. ಹೂ ಬರೆಯುವ ಹತ್ತು ಜನ ಬಂದಿದ್ದರೆ ಮೈಸೂರಿಗೆ ಹತ್ತು ಜನ ಚಿತ್ರಕಾರರು ಸಿಗುತ್ತಿದ್ದರು, ಪಿಂಗಾಣಿ ಅಲ್ಲ. ಇನ್ನೂ ಒಂದು: ದೊರೆಯ ಹಣದ ಆಸರೆ ಇಲ್ಲದೆ ಸೇವ್ರ ತಾನೇ ಸರಾಗವಾಗಿ ಉಸಿರಾಡಿದ್ದು ಕಡಿಮೆ.

ರೇಷ್ಮೆಯ ಜೊತೆ ಹೋಲಿಸಿ ನೋಡಿ. ಅದೇ ದಶಕದಲ್ಲಿ ಟಿಪ್ಪು ಬಂಗಾಳದಿಂದ ರೇಷ್ಮೆಹುಳು ತರಿಸಿ, ಹಿಪ್ಪುನೇರಳೆ ಹಾಕಿಸಿದ. ಅವನ ರಾಜ್ಯ ಬಿದ್ದರೂ ರೇಷ್ಮೆ ಬೀಳಲಿಲ್ಲ, ರಾಮನಗರದ ಗೂಡಿನ ಮಾರುಕಟ್ಟೆಗೆ ಹೋದವರಿಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ. ಹುಳು ರೈತನ ಮನೆಯೊಳಗೆ ತಟ್ಟೆಯಲ್ಲಿ ಬದುಕುತ್ತದೆ, ಮೊಟ್ಟೆ ಇಟ್ಟು ತಾನೇ ಹೆಚ್ಚುತ್ತದೆ. ಪಿಂಗಾಣಿಗೆ ಆ ಗುಣವಿಲ್ಲ. ಅದಕ್ಕೆ ಕಾರ್ಖಾನೆ ಬೇಕು, ಕಾರ್ಖಾನೆಗೆ ಪ್ರಭು ಬೇಕು, ಪ್ರಭುವಿಗೆ ಸಮಾಧಾನದ ಕಾಲ ಬೇಕು. 1790ರಲ್ಲಿ ಮೂರನೇ ಮೈಸೂರು ಯುದ್ಧ ಶುರುವಾಯಿತು. 1792ರಲ್ಲಿ ಅರ್ಧ ರಾಜ್ಯವೇ ಹೋಯಿತು. ಕೈಗಳು ಬಂದಿದ್ದರೂ ಆವಿಗೆ ಆರುತ್ತಿತ್ತು ಎಂದೇ ನನ್ನ ಅಂದಾಜು.

ಮೈಸೂರು ಸಂಸ್ಥಾನಕ್ಕೆ ಪಿಂಗಾಣಿ ಕಾರ್ಖಾನೆ ಬಂದದ್ದು 1930ರ ದಶಕದಲ್ಲಿ, ಬೆಂಗಳೂರಿಗೆ. ಶಿವನಸಮುದ್ರದ ವಿದ್ಯುತ್ತು 1902ರಲ್ಲಿಯೇ ಕೋಲಾರದ ಗಣಿಗೆ ಹರಿದಿತ್ತು, ಕಂಬಗಳ ಸಂಖ್ಯೆ ಏರುತ್ತಿತ್ತು, ತಂತಿಯನ್ನು ಕಂಬದಿಂದ ಬೇರೆಯಾಗಿ ಹಿಡಿದಿಡುವ ಬಿಳಿ ಗುಂಡುಗಳು ಬೇಕಾಗಿದ್ದವು. ಸರ್ಕಾರಿ ಪಿಂಗಾಣಿ ಕಾರ್ಖಾನೆ ಮುಂದೆ ಬಿಎಚ್‌ಇಎಲ್ ಪಾಲಾಯಿತು. ನೀಲಿ ಅಂಚಿಲ್ಲ, ಹೂವಿಲ್ಲ, ಚಿನ್ನವಿಲ್ಲ. ಮಳೆಯಲ್ಲಿ ನೆನೆಯುತ್ತ ಕಾಗೆ ಕೂರಲು ಜಾಗ ಕೊಟ್ಟ ಪಿಂಗಾಣಿ.

ತಳದ ಗುರುತು

ವಸ್ತುಗಳ ಕಥೆ ಉಳಿಯಿತು. ಫ್ರಾನ್ಸಿನಲ್ಲಿ ದೊರೆ ಹೋದರೂ ಕಾರ್ಖಾನೆಗಳು ಹೋಗಲಿಲ್ಲ, ಗಣರಾಜ್ಯ ಎರಡನ್ನೂ ಉಳಿಸಿಕೊಂಡಿತು. ಹಾಗೆಂದು ಹಳೆಯ ಸರಕಿನ ಮೇಲೆ ಮಮತೆಯೇನೂ ಇರಲಿಲ್ಲ: 1797ರಲ್ಲಿ ಚಿನ್ನ ಬೆಳ್ಳಿಯ ಎಳೆ ಸೇರಿಸಿ ನೇಯ್ದ ರಾಜರ ಕಾಲದ ಟ್ಯಾಪೆಸ್ಟ್ರಿಗಳಿಗೆ ಬೆಂಕಿ ಹಚ್ಚಿ, ಬೂದಿಯಿಂದ ಲೋಹ ಬೇರ್ಪಡಿಸಿದರು. ಅದಾದ ಎರಡೇ ವರ್ಷಕ್ಕೆ, 1799ರ ಮೇ 4ರಂದು, ಶ್ರೀರಂಗಪಟ್ಟಣ ಬಿತ್ತು. ಅರಮನೆಯ ಉಗ್ರಾಣ ಹೊಕ್ಕ ಇಂಗ್ಲಿಷರು ಬರೆದಿಟ್ಟಿರುವ ವಿವರಗಳಲ್ಲಿ ದೂರದರ್ಶಕಗಳು, ಚಿತ್ರಪಟಗಳು, ಒಂದು ದೊಡ್ಡ ಅಂಗಡಿ ತೆರೆಯುವಷ್ಟು ಪಿಂಗಾಣಿ ಮತ್ತು ಗಾಜಿನ ಸಾಮಾನು ಕಾಣುತ್ತವೆ. ದಿನಗಟ್ಟಲೆ ನಡೆದ ಲೂಟಿ ಮತ್ತು ಹರಾಜಿನಲ್ಲಿ ಅದೆಲ್ಲ ಸಿಪಾಯಿಗಳ ಚೀಲ, ಅಧಿಕಾರಿಗಳ ಪೆಟ್ಟಿಗೆ ಸೇರಿ ಚೆಲ್ಲಾಪಿಲ್ಲಿಯಾಯಿತು.

ಅಂಥ ಒಂದು ಬಟ್ಟಲು ಎಂದಾದರೂ ಕೈಗೆ ಬಂದರೆ ಮೊದಲು ಮಗುಚಿ ನೋಡಬೇಕು. ತಳದಲ್ಲಿ ಒಂದಕ್ಕೊಂದು ಹೆಣೆದುಕೊಂಡ ಎರಡು ಎಲ್ ಅಕ್ಷರ, ಲೂಯಿಯ ಗುರುತು. ಅದರ ನಡುವೆಯೋ ಪಕ್ಕದಲ್ಲೋ ವರ್ಷ ಸೂಚಿಸುವ ಅಕ್ಷರ. 1778ರಿಂದ ಈಚಿನದಾದರೆ ಜೋಡಿ ಅಕ್ಷರ. ಅದರ ಆಚೀಚೆ, ಸೂಜಿಯಿಂದ ಗೀರಿದಷ್ಟು ಸಣ್ಣದಾಗಿ, ಹೂ ಬರೆದವನ ಗುರುತು ಮತ್ತು ಚಿನ್ನ ಹಚ್ಚಿದವನ ಗುರುತು. ಒಬ್ಬೊಬ್ಬರಿಗೆ ಒಂದೊಂದು: ನಕ್ಷತ್ರ, ಚುಕ್ಕಿ, ಹೆಸರಿನ ಮೊದಲಕ್ಷರ. 1788ರಲ್ಲಿ ಅಲ್ಲಿ ಕೆಲಸದಲ್ಲಿದ್ದ ಚಿನ್ನದ ಕೆಲಸದವರಲ್ಲಿ ಒಬ್ಬ ವ್ಯಾಂಸಾಂ. ಫ್ರೆಂಚಿನಲ್ಲಿ 'ವ್ಯಾಂ' ಎಂದರೆ ಇಪ್ಪತ್ತು, 'ಸಾಂ' ಎಂದರೆ ನೂರು. ಇಪ್ಪತ್ತು ನೂರು ಎಷ್ಟಾಯಿತು? ಅವನು ತನ್ನ ಹೆಸರು ಬರೆಯುವ ಗೋಜಿಗೆ ಹೋಗದೆ ದೊರೆಯ ಪಾತ್ರೆಗಳ ತಳದಲ್ಲಿ ಚಿನ್ನದಲ್ಲಿ ಹಾಕುತ್ತಿದ್ದದ್ದು ಒಂದೇ ಅಂಕಿ: 2000.